ಅಪ್ಪನ ಸಹಿ, ಮಗನ ಲವಂಗ

ಅಧ್ಯಕ್ಷರ ಮಗ ಅನ್ನೋದು ಒಂದು ಹುದ್ದೆಯಾ? ಯಾವ ಸಂವಿಧಾನದಲ್ಲೂ ಹಾಗೆ ಬರೆದಿಲ್ಲ. ಸಂಬಳ ಇಲ್ಲ, ಪ್ರಮಾಣವಚನ ಇಲ್ಲ. ಆದರೆ ಇಂಡೋನೇಷ್ಯಾವನ್ನು ಮೂವತ್ತು ವರ್ಷ ಆಳಿದ ಸುಹಾರ್ತೊ ಅವರ ಕಿರಿಯ ಮಗನ ಕಥೆ ನೋಡಿದರೆ, ಮಂತ್ರಿಗಿರಿಗಿಂತ ಆ ಹುದ್ದೆಯೇ ದೊಡ್ಡದು ಅಂತ ನನಗನ್ನಿಸುತ್ತೆ. ಆತನ ಪೂರ್ತಿ ಹೆಸರು ಹುಟೊಮೊ ಮಂಡಲ ಪುತ್ರ. ಜನ ಕರೆಯೋದು ಟಾಮಿ ಅಂತ. ಹೆಸರಿನಲ್ಲೇ 'ಪುತ್ರ' ಇದೆ ನೋಡಿ, ಅವನ ಬಂಡವಾಳವೂ ಅದೇ.

1984ರಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ, ಟಾಮಿ ಹುಂಪುಸ್ ಅನ್ನೋ ಕಂಪನಿ ಶುರು ಮಾಡಿದ. ಮುಂದೆ ಅವನ ಕಣ್ಣು ಬಿದ್ದಿದ್ದು ಲವಂಗದ ಮೇಲೆ. ನಾವು ಪಲಾವಿಗೆ ನಾಲ್ಕು ಲವಂಗ ಹಾಕ್ತೀವಿ. ಅಲ್ಲಿಯವರು ಅದನ್ನು ಪುಡಿ ಮಾಡಿ ತಂಬಾಕಿಗೆ ಬೆರೆಸಿ ಸೇದ್ತಾರೆ. ಕ್ರೆಟೆಕ್ ಎಂಬ ಆ ಸಿಗರೇಟು ಅಲ್ಲಿನ ಬಹುದೊಡ್ಡ ಉದ್ಯಮ. 1990ರ ದಶಕದ ಆರಂಭದಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು: ರೈತರ ಲವಂಗವೆಲ್ಲ ಬಿಪಿಪಿಸಿ ಎಂಬ ಸಂಸ್ಥೆಯ ಮೂಲಕವೇ ಕಾರ್ಖಾನೆಗೆ ಹೋಗಬೇಕು. ಸಂಸ್ಥೆಯ ಮುಖ್ಯಸ್ಥ ಯಾರು? ಟಾಮಿ. ಖರೀದಿಗೆ ದುಡ್ಡು ಕೊಟ್ಟಿದ್ದು ಯಾರು? ದೇಶದ ಕೇಂದ್ರೀಯ ಬ್ಯಾಂಕು. ಹೇಳಿದ್ದೇನೋ ರೈತರ ಉದ್ಧಾರಕ್ಕೆ ಅಂತಲೇ. ಆದರೆ ಕಾರ್ಖಾನೆಗಳು ಕೊಟ್ಟ ಬೆಲೆ ಬೆಳೆಗಾರನ ಕೈಗೆ ಬರಲಿಲ್ಲ, ಗೋದಾಮಿನಲ್ಲಿ ಲವಂಗ ಕೊಳೆಯಿತು. ಬೇಸತ್ತ ರೈತರು ಮೊಗ್ಗು ಬಿಡಿಸದೆ ಬಿಟ್ಟರು, ಮರಗಳನ್ನೇ ಕಡಿದರು. ಕೇಳೋರು ಯಾರು?

1996ರಲ್ಲಿ ಇನ್ನೊಂದು ಸಹಿ ಬಿತ್ತು. ಈ ಸಲ 'ರಾಷ್ಟ್ರೀಯ ಕಾರು'. ಆಮದು ಸುಂಕ ಇಲ್ಲ, ಐಷಾರಾಮಿ ತೆರಿಗೆ ಇಲ್ಲ. ಈ ರಿಯಾಯಿತಿ ಸಿಕ್ಕಿದ್ದು ಒಂದೇ ಕಂಪನಿಗೆ, ಟಾಮಿಯದಕ್ಕೆ. ಟಿಮೋರ್ ಎಂಬ ಆ ಕಾರು ಅಸಲಿಗೆ ದಕ್ಷಿಣ ಕೊರಿಯಾದ ಕಿಯಾ ಕಂಪನಿಯ ಸೆಫಿಯಾ! ಕೊರಿಯಾದಲ್ಲೇ ತಯಾರಾಗಿ ಹಡಗಿನಲ್ಲಿ ಬಂದಿಳಿಯೋದಕ್ಕೂ ಅನುಮತಿ ಕೊಟ್ಟರು. ಜಪಾನ್, ಅಮೆರಿಕ, ಯುರೋಪ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು, ಗೆದ್ದವು.

ಅಷ್ಟರಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು, ಇಂಡೋನೇಷ್ಯಾದ ರುಪಯ್ಯ ನೆಲಕಚ್ಚಿತು. 1998ರ ಜನವರಿ 15ರಂದು ಐಎಂಎಫ್ ಷರತ್ತುಗಳಿಗೆ ಸುಹಾರ್ತೊ ಸಹಿ ಹಾಕಿದರು. ಪಕ್ಕದಲ್ಲಿ ಐಎಂಎಫ್ ಮುಖ್ಯಸ್ಥ ಮಿಷೆಲ್ ಕ್ಯಾಮ್ಡೆಸ್ಯೂ ಕೈಕಟ್ಟಿ ನಿಂತಿದ್ದ ಫೋಟೊ ಜಗತ್ತೆಲ್ಲ ಸುತ್ತಿತು. ಆ ಷರತ್ತುಗಳಲ್ಲಿ ಮಗನ ಲವಂಗವೂ ಇತ್ತು, ಮಗನ ಕಾರೂ ಇತ್ತು. ಮೇ 21ಕ್ಕೆ ಅಪ್ಪನ ಕುರ್ಚಿಯೇ ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೀ ಭ್ರಷ್ಟಾಚಾರ ಅನ್ನಬಹುದಿತ್ತು. 2000ದಲ್ಲಿ ಭೂ ಹಗರಣವೊಂದರಲ್ಲಿ ಸುಪ್ರೀಂ ಕೋರ್ಟ್ ಟಾಮಿಗೆ ಹದಿನೆಂಟು ತಿಂಗಳ ಜೈಲು ವಿಧಿಸಿತು. ಟಾಮಿ ಪರಾರಿಯಾದ. ಆ ತೀರ್ಪು ಕೊಟ್ಟ ಪೀಠದ ನ್ಯಾಯಮೂರ್ತಿ ಸ್ಯಾಫಿಯುದ್ದೀನ್ ಕರ್ತಸಸ್ಮಿತ ಅವರನ್ನು 2001ರ ಜುಲೈ 26ರಂದು ಜಕಾರ್ತದಲ್ಲಿ ಹಾಡಹಗಲೇ ಗುಂಡಿಟ್ಟು ಕೊಂದರು. ಇನ್ನೂ ವಿಚಿತ್ರ ಕೇಳಿ. ಆತ ತಲೆಮರೆಸಿಕೊಂಡಿದ್ದಾಗಲೇ, ಅದೇ ಅಕ್ಟೋಬರ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಆ ಹಳೇ ಶಿಕ್ಷೆಯನ್ನು ರದ್ದು ಮಾಡಿತು! ನವೆಂಬರ್‌ನಲ್ಲಿ ಸಿಕ್ಕಿಬಿದ್ದ. ಕೊಲೆಗೆ ಆದೇಶ ಕೊಟ್ಟಿದ್ದಕ್ಕೆ 2002ರಲ್ಲಿ ಹದಿನೈದು ವರ್ಷ ಶಿಕ್ಷೆಯಾಯಿತು. ಆಮೇಲೆ ಅದು ಹತ್ತಕ್ಕೆ ಇಳಿಯಿತು. 2006ರ ಅಕ್ಟೋಬರ್‌ನಲ್ಲಿ ಆತ ಹೊರಗೆ ಬಂದ. ಮುಂದೆ ಒಂದು ಪಕ್ಷದ ಅಧ್ಯಕ್ಷನೂ ಆದ.

ಅಧಿಕಾರ ಅಪ್ಪನ ಜೊತೆ ಹೋಗಿತ್ತು, ನಿಜ. ಆದರೆ ತನಗೆ 'ಇಲ್ಲ' ಅನ್ನೋ ಹಕ್ಕು ಯಾರಿಗೂ ಇಲ್ಲ ಅಂತ ಅಷ್ಟು ವರ್ಷ ಕಲಿತವನು ಅದನ್ನು ಮರೆತಿರಲಿಲ್ಲ. ಲವಂಗದ ಕಡತ ಮುಂದೆ ಬಂದಾಗ ಯಾವನಾದರೂ ಒಬ್ಬ ಅಧಿಕಾರಿ 'ಆಗಲ್ಲ ಸಾರ್' ಅಂದು, ಆ ಮಾತು ನಡೆದಿದ್ದರೆ? ಅಲ್ಲಿ ಯಾರೂ ಹೇಳಲಾಗದ ಆ ಮಾತನ್ನು ಹತ್ತು ವರ್ಷ ತಡವಾಗಿ ಒಬ್ಬ ನ್ಯಾಯಮೂರ್ತಿ ಹೇಳಬೇಕಾಯಿತು. ಅದಕ್ಕೆ ಅವರು ತೆತ್ತಿದ್ದು ಪ್ರಾಣ.