ಅಗ್ವಾದದ ದೀಪಸ್ತಂಭ

ಚರಿತ್ರೆಯನ್ನು ಬೋಧಿಸುವ ಅಧ್ಯಾಪಕನಿಗೆ ವರ್ಷಕ್ಕೊಮ್ಮೆಯಾದರೂ ಪುಸ್ತಕವನ್ನು ಮುಚ್ಚಿಟ್ಟು, ಅದರಲ್ಲಿ ಬರುವ ಸ್ಥಳವೊಂದರಲ್ಲಿ ಹೋಗಿ ನಿಲ್ಲುವ ಯೋಗ ಒದಗಬೇಕು. ಅಲ್ಲಿ ನಿಂತಾಗಲೇ ತಾನು ತರಗತಿಯಲ್ಲಿ ಹೇಳುತ್ತ ಬಂದುದರಲ್ಲಿ ಎಷ್ಟು ಉಳಿಯಿತು, ಎಷ್ಟು ಬಿಟ್ಟುಹೋಯಿತು ಎಂಬುದು ತಿಳಿಯುತ್ತದೆ. ಕಳೆದ ಕ್ರಿಸ್ಮಸ್ ರಜೆಯಲ್ಲಿ ನಮಗೆ ಅಂಥದೊಂದು ಯೋಗ ಒದಗಿತು. ಕಾಸರಗೋಡು ಸೀಮೆಯ ನಮ್ಮ ಪ್ರೌಢಶಾಲೆಯ ಮಕ್ಕಳನ್ನೂ ಇಬ್ಬರು ಸಹೋದ್ಯೋಗಿಗಳನ್ನೂ ಕೂಡಿಕೊಂಡು ಕೊಂಕಣ ರೈಲಿನಲ್ಲಿ ಗೋವೆಗೆ ಹೋಗಿದ್ದೆವು. ಮಡಗಾಂವಿನಲ್ಲಿಳಿದು ಬಸ್ಸಿನಲ್ಲಿ ಪಣಜಿಗೂ, ಮರುದಿನ ಬೆಳಿಗ್ಗೆ ಅಲ್ಲಿಂದ ಅಗ್ವಾದದ ಭೂಶಿರಕ್ಕೂ ಹೋದೆವು.

‘1510ನೆಯ ಇಸವಿಯಲ್ಲಿ ಪೋರ್ತುಗೀಸರು ಗೋವೆಯನ್ನು ಗೆದ್ದರು; 1961ರಲ್ಲಿ ಅದು ಭಾರತಕ್ಕೆ ಸೇರಿತು.’ ಇಷ್ಟು ವರ್ಷಗಳ ಕಾಲ ನಾವು ಗೋವೆಯ ವಿಷಯವಾಗಿ ಮಕ್ಕಳಿಗೆ ಬರೆಯಿಸಿದ ಟಿಪ್ಪಣಿಯಲ್ಲಿ ಇವೆರಡೇ ವಾಕ್ಯಗಳಿದ್ದವು. ನಡುವಣ ನಾಲ್ಕೂವರೆ ಶತಮಾನಗಳಲ್ಲಿ ಏನಾಯಿತೆಂದು ಪರೀಕ್ಷೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಆದಕಾರಣ ನಾವೂ ಹೇಳುತ್ತಿರಲಿಲ್ಲ.

ಅಗ್ವಾದವೆಂಬುದು ಮಾಂಡವಿ ನದಿಯು ಕಡಲನ್ನು ಸೇರುವ ಬಾಯಿಯ ಉತ್ತರದಂಡೆಯಲ್ಲಿ, ಬಾರ್ದೇಶ ತಾಲ್ಲೂಕಿನಲ್ಲಿ, ನೀರಿನೊಳಕ್ಕೆ ಚಾಚಿಕೊಂಡಿರುವ ಗುಡ್ಡ. ಈ ಮಾಂಡವಿ ಬೇರೆಯಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟಿ ಪಡುವಣಕ್ಕೆ ಹರಿಯುವ ಮಹದಾಯಿಯೇ ಅದು. ಗುಡ್ಡದ ನೆತ್ತಿಯಲ್ಲಿ ಒಣ ಕಂದಕದಿಂದ ಸುತ್ತುವರಿದ ಮೇಲುಕೋಟೆ, ಬುಡದಲ್ಲಿ ಹಡಗುಗಳು ನಿಲ್ಲುತ್ತಿದ್ದ ಕೆಳಕೋಟೆ, ಹೀಗೆ ಇಡೀ ಭೂಶಿರವೇ ಒಂದು ಕೋಟೆ. ಗೋಡೆಗಳೆಲ್ಲ ನಮ್ಮ ಕಡೆಯಂಥ ಮುರಕಲ್ಲಿನವು. ಕಂದಕವನ್ನು ದಾಟಿ ಒಳಹೊಕ್ಕರೆ ಬಟ್ಟಬಯಲಿನಂಥ ಅಂಗಳ. ಅದರ ಅಂಚಿನಲ್ಲಿ ಗುಂಡಗಿನ ಬಿಳಿಯ ದೀಪಸ್ತಂಭ. ಮಕ್ಕಳು ಸ್ತಂಭದ ಕಡೆಗೆ ಓಡಿದರು. ನಮ್ಮ ಗಮನ ಮಾತ್ರ ಅಂಗಳದ ನಡುವಿನ ಕಲ್ಲುಹಾಸಿನ ಮೇಲೆ ನಿಂತಿತು. ಏಕೆಂದರೆ ಈ ಸ್ಥಳಕ್ಕೆ ಹೆಸರು ಬಂದುದು ಅದರ ಅಡಿಯಲ್ಲಿದ್ದ ವಸ್ತುವಿನಿಂದ.

ಪೋರ್ತುಗೀಸ್ ಭಾಷೆಯಲ್ಲಿ ‘ಆಗ್ವಾ’ ಎಂದರೆ ನೀರು. ‘ಅಗ್ವಾದ’ ಎಂದರೆ ಹಡಗುಗಳು ನೀರು ತುಂಬಿಕೊಳ್ಳುವ ತಾಣ. ಈ ಗುಡ್ಡದಲ್ಲಿ ಸಿಹಿನೀರಿನ ಒರತೆಯುಂಟು. ಅದನ್ನು ಸಂಗ್ರಹಿಸಿಡಲು ಕೋಟೆಯ ನಡುವೆ ನೆಲದಡಿಯಲ್ಲಿ, ಭಾರಿ ಕಂಬಗಳ ಮೇಲೆ ಮಾಳಿಗೆ ಹಾಕಿ, ತೊಟ್ಟಿಯೊಂದನ್ನು ಕಟ್ಟಿದರು. ಅದರ ಅಳತೆ 23 ಲಕ್ಷ 76 ಸಾವಿರ ಗ್ಯಾಲನ್ ಎಂದು ಹೇಳುತ್ತಾರೆ.

ಇಂಥ ದೊಡ್ಡ ಸಂಖ್ಯೆಯನ್ನು ಕೇಳಿ ಸುಮ್ಮನೆ ತಲೆದೂಗುವುದು ಮೇಷ್ಟರಿಗೆ ತಕ್ಕುದಲ್ಲ. ಅಲ್ಲಿಯೇ ನೆರಳಿನಲ್ಲಿ ಕುಳಿತು ಮಕ್ಕಳಿಂದ ಲೆಕ್ಕ ಮಾಡಿಸಿದೆವು. ಗ್ಯಾಲನ್ನಿಗೆ ಸುಮಾರು ನಾಲ್ಕೂವರೆ ಲೀಟರಿನಂತೆ ಹಿಡಿದರೆ ತೊಟ್ಟಿಯಲ್ಲಿ ಒಂದು ಕೋಟಿಗೂ ಮೇಲೆ ಲೀಟರ್ ನೀರು. ಹಡಗೊಂದರಲ್ಲಿ ಐನೂರು ಮಂದಿ. ಒಬ್ಬನಿಗೆ ದಿನಕ್ಕೆ ಮೂರು ಲೀಟರ್. ಗೋವೆಯಿಂದ ಲಿಸ್ಬನ್ನಿಗೆ ಆರು ತಿಂಗಳ ಪಯಣ ಎಂದಿಟ್ಟುಕೊಂಡರೆ, ಒಂದು ಹಡಗಿಗೆ ಎರಡು ಲಕ್ಷ ಎಪ್ಪತ್ತು ಸಾವಿರ ಲೀಟರ್ ಬೇಕು. ಅಂದರೆ ಈ ಒಂದು ತೊಟ್ಟಿಯಿಂದ ಸುಮಾರು ನಲವತ್ತು ಹಡಗುಗಳು ಸಮುದ್ರವನ್ನು ದಾಟಬಹುದಾಗಿತ್ತು. ಸುತ್ತಲೂ ಕಣ್ಣು ಹಾಯುವಷ್ಟು ದೂರ ನೀರೇ ಇದ್ದರೂ ಕುಡಿಯುವ ಒಂದು ಗುಟುಕಿಲ್ಲದ ಕಡಲಿನಲ್ಲಿ, ಸಾಮ್ರಾಜ್ಯವು ಫಿರಂಗಿಯಿಂದ ಮಾತ್ರವಲ್ಲದೆ ಪೀಪಾಯಿಯಿಂದಲೂ ನಡೆಯುತ್ತಿತ್ತೆಂಬುದು ಮಕ್ಕಳಿಗೆ ಈ ಲೆಕ್ಕದಿಂದ ಮನದಟ್ಟಾಯಿತು.

ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, “ಮಾಷ್ಟ್ರೇ, ಇದು ನಮ್ಮ ಸುರಂಗದ ನೀರಿನ ಹಾಗೇ ಅಲ್ವಾ?” ಎಂದು ಕೇಳಿದನು. ಅವನ ಅಜ್ಜ ಸುರಂಗ ತೋಡುವುದರಲ್ಲಿ ಪಳಗಿದವರು. ನಮ್ಮ ಸೀಮೆಯ ಗುಡ್ಡಗಳಲ್ಲಿ ಒಬ್ಬ ಮನುಷ್ಯ ನಡೆದುಹೋಗುವಷ್ಟು ಅಗಲಕ್ಕೆ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ಬರಿಸುವ ಕ್ರಮ ವಾಚಕರಿಗೆ ತಿಳಿದುದೇ. ಹುಡುಗನ ಊಹೆ ಸರಿಯಾಗಿತ್ತು. ತೂತುತೂತಾದ ಮುರಕಲ್ಲು ಮಳೆಗಾಲದ ನೀರನ್ನು ಹೀರಿಕೊಳ್ಳುತ್ತದೆ. ಅಡಿಯಲ್ಲಿ ಜೇಡಿಯ ಪದರ ಸಿಕ್ಕಿದಲ್ಲಿ ಆ ನೀರು ಕೆಳಕ್ಕಿಳಿಯಲಾರದೆ ಗುಡ್ಡದ ಮಗ್ಗುಲಿನಿಂದ ಒಸರುತ್ತದೆ. ಹುಡುಗ ಅಷ್ಟಕ್ಕೆ ಬಿಡಲಿಲ್ಲ. “ಹಾಗಾದ್ರೆ ಇಲ್ಲಿಂದ ಹಡಗಿಗೆ ನೀರು ಹೊತ್ತವರು ಯಾರು ಮಾಷ್ಟ್ರೇ?” ಎಂದನು. ಕೋಟೆಯನ್ನು ಕಟ್ಟಿಸಿದವರು ಯಾರೆಂದು ಕೇಳಿದ್ದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಈ ಪ್ರಶ್ನೆಗೆ ಆಗ ಉತ್ತರ ಹೊಳೆಯಲಿಲ್ಲ. “ಸಂಜೆ ಹೇಳೋಣ” ಎಂದು ಹೇಳಿ ಕಟ್ಟಿಸಿದವರ ಚರಿತ್ರೆಯನ್ನೇ ಮೊದಲು ಹೇಳಿದೆವು.

ಈ ಕಡಲು ಪೋರ್ತುಗೀಸರಿಗಿಂತ ಮೊದಲೇ ಕನ್ನಡಿಗರಿಗೆ ಪರಿಚಿತವಾದುದು. ಗೋವೆಯ ಕದಂಬರು ಹನ್ನೊಂದನೆಯ ಶತಮಾನದಲ್ಲಿ ಗೋಪಕಪಟ್ಟಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಕಡಲ ವ್ಯಾಪಾರವನ್ನು ಬೆಳೆಸಿದರು. ಅವರ ಕನ್ನಡ ಶಾಸನಗಳು ದೊರೆತಿವೆ. ಮುಂದೆ ವಿಜಯನಗರದವರೂ, ಬಹಮನಿಯವರೂ, ವಿಜಾಪುರದವರೂ ಆಳಿದ ಬಳಿಕ 1510ರ ನವೆಂಬರ್ 25ರಂದು ಅಲ್ಬುಕರ್ಕನು ಗೋವೆಯನ್ನು ಕೊನೆಯಾಗಿ ಗೆದ್ದನು. ಗೋವೆಯ ಮೇಲೆ ಬೀಳುವಂತೆ ಅವನಿಗೆ ಸಲಹೆಯಿತ್ತು ನೆರವಾದವನು ಹೊನ್ನಾವರದ ಕಡಲನಾಯಕ ತಿಮ್ಮಯ್ಯ. ಈ ಸಂಗತಿಯನ್ನು ಮರೆಮಾಚುವುದು ಚರಿತ್ರಕಾರನಿಗೆ ಒಪ್ಪದು.

ಬಾರ್ದೇಶವು 1543ರಲ್ಲಿ ಪೋರ್ತುಗೀಸರ ವಶವಾಯಿತು. ಅರುವತ್ತು ವರ್ಷಗಳ ತರುವಾಯ ಅವರಿಗೆ ಹೊಸ ವೈರಿಗಳು ಹುಟ್ಟಿಕೊಂಡರು. 1602ರಲ್ಲಿ ಸ್ಥಾಪಿತವಾದ ಡಚ್ ಕಂಪೆನಿಯ ಹಡಗುಗಳು ಮಾಂಡವಿಯ ಬಾಯಿಯವರೆಗೂ ಬರತೊಡಗಿದವು. ನದಿಯ ಬಾಯಿ ಮುಚ್ಚಿದರೆ ಗೋವೆಯ ಉಸಿರು ನಿಂತಂತೆಯೇ. ಆದುದರಿಂದ ವೈಸರಾಯ್ ರುಯಿ ಲೋರೆನ್ಸೊ ದ ತಾವೊರಾ ಎಂಬವನ ಕಾಲದಲ್ಲಿ, 1609ರಿಂದ 1612ರೊಳಗೆ, ಈ ಕೋಟೆ ಎದ್ದಿತು. ಬರಿಯ ಗಾಬರಿಯಿಂದ ಕಟ್ಟಿದ ಕೋಟೆಯಲ್ಲ ಇದು. 1636ರಿಂದ 1644ರವರೆಗೆ ಡಚ್ಚರು ಗೋವೆಯ ಬಂದರಕ್ಕೆ ಮತ್ತೆ ಮತ್ತೆ ಮುತ್ತಿಗೆ ಹಾಕಿದರು. 1739ರಲ್ಲಿ ಮರಾಠರು ಬಾರ್ದೇಶವನ್ನೆಲ್ಲ ವ್ಯಾಪಿಸಿದಾಗಲೂ ಅಗ್ವಾದ ಮತ್ತು ರೇಯಿಶ್ ಮಾಗುಶ್ ಕೋಟೆಗಳು ಮಾತ್ರ ಪೋರ್ತುಗೀಸರ ಕೈಯಲ್ಲಿಯೇ ಉಳಿದವು. ಸ್ವಂತ ನೀರಿದ್ದ ಕೋಟೆಯನ್ನು ಬಾಯಾರಿಸಿ ಗೆಲ್ಲುವುದು ಸಾಧ್ಯವಿಲ್ಲವಷ್ಟೆ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, 1799ರಿಂದ 1813ರವರೆಗೆ, ಫ್ರೆಂಚರ ಭಯದಿಂದ ಇಂಗ್ಲಿಷ್ ಪಡೆಗಳು ಗೋವೆಯ ಕೋಟೆಗಳಲ್ಲಿ ಬೀಡುಬಿಟ್ಟಿದ್ದಾಗ ಅವುಗಳಲ್ಲಿ ಅಗ್ವಾದವೂ ಒಂದಾಗಿತ್ತು.

ಇನ್ನು ದೀಪಸ್ತಂಭದ ಮಾತು. ಈಗ ಕಾಣುವ ಹಳೆಯ ಸ್ತಂಭ 1864ರದು. 1976ರಲ್ಲಿ ಹತ್ತಿರದಲ್ಲೇ ಹೊಸ ಸ್ತಂಭವೊಂದು ಎದ್ದಮೇಲೆ ಇದು ವಿಶ್ರಾಂತಿ ಪಡೆಯಿತು. ಭೂಶಿರವನ್ನೇ ದೀಪಕ್ಕೆ ಏಕೆ ಆರಿಸುತ್ತಾರೆಂಬುದಕ್ಕೆ ಭೂಗೋಲದ ಪಾಠದಲ್ಲಿ ಕಾರಣವಿದೆ. ಭೂಮಿ ದುಂಡಗಿರುವುದರಿಂದ ತಗ್ಗಿನಲ್ಲಿಟ್ಟ ದೀಪವನ್ನು ಕಡಲಿನ ಬಾಗೇ ಮರೆಮಾಡುತ್ತದೆ. ನೀರಿನ ಮಟ್ಟದಿಂದ ಐದು ಮೀಟರ್ ಎತ್ತರದ ದೀಪ, ನೀರಿನ ಮಟ್ಟದಲ್ಲಿರುವ ಕಣ್ಣಿಗೆ ಎಂಟು ಕಿಲೋಮೀಟರ್ ದೂರದಿಂದ ಕಂಡರೆ, ಎಂಬತ್ತು ಮೀಟರ್ ಎತ್ತರದ್ದು ಮೂವತ್ತೆರಡು ಕಿಲೋಮೀಟರ್ ದೂರದಿಂದ ಕಾಣುತ್ತದೆ. ಎತ್ತರವನ್ನು ಹದಿನಾರು ಪಟ್ಟು ಮಾಡಿದರೆ ದೂರ ನಾಲ್ಕು ಪಟ್ಟು ಎಂಬ ವರ್ಗಮೂಲದ ನಿಯಮವನ್ನು ಮಕ್ಕಳು ಅಲ್ಲಿ ನಿಂತು ಒಪ್ಪಿಕೊಂಡಷ್ಟು ಸುಲಭವಾಗಿ ಕರಿಹಲಗೆಯ ಮುಂದೆ ಎಂದೂ ಒಪ್ಪಿಕೊಂಡಿರಲಿಲ್ಲ. ಒಂದು ಕರಾವಳಿಯಲ್ಲಿ ಹಲವು ದೀಪಗಳಿರುವುದರಿಂದ ಒಂದೊಂದಕ್ಕೂ ಮಿನುಗುವ ಕ್ರಮ ಬೇರೆಬೇರೆ. ನಾವಿಕನು ಮಿನುಗಿನ ನಡುವಣ ಹೊತ್ತನ್ನು ಎಣಿಸಿ, ತನ್ನ ಪಟ್ಟಿಯಲ್ಲಿ ನೋಡಿ, ಇದು ಇಂಥ ಊರಿನ ದೀಪವೆಂದು ಗುರುತಿಸುತ್ತಾನೆ. ಹಳೆಯ ಗೋವೆಯ ಅಗಸ್ಟಿನ್ ಪಂಥದ ಮಠ ಪಾಳುಬಿದ್ದ ಮೇಲೆ ಅಲ್ಲಿನ ದೊಡ್ಡ ಗಂಟೆ ಕೆಲಕಾಲ ಈ ದೀಪದ ತಾಣದಲ್ಲಿದ್ದು, 1871ರಲ್ಲಿ ಪಣಜಿಯ ಚರ್ಚಿಗೆ ಹೋಯಿತು. ಹಿಂದಿನ ಸಂಜೆ ನಾವು ಕೇಳಿದ ಗಂಟೆ ಅದೇ ಎಂದಾಗ ಮಕ್ಕಳಿಗೆ ಆಶ್ಚರ್ಯವಾಯಿತು.

ಮೇಲೆ ಎಲ್ಲ ಹಡಗುಗಳಿಗೂ ದಾರಿ ತೋರುವ ದೀಪವಿದ್ದ ಇದೇ ಗುಡ್ಡದ ಬುಡದಲ್ಲಿ ಸೆರೆಮನೆಯೂ ಇತ್ತು. ಸಲಝಾರನ ಆಡಳಿತದಲ್ಲಿ ಕೆಳಕೋಟೆಯನ್ನು ರಾಜಕೀಯ ಕೈದಿಗಳಿಗಾಗಿ ಬಳಸಿದರು. 1946ರ ಜೂನ್ 18ರಂದು ಮಡಗಾಂವಿನಲ್ಲಿ ಸಭಾನಿಷೇಧವನ್ನು ಮುರಿದು ಮಾತನಾಡಿದ ರಾಮಮನೋಹರ ಲೋಹಿಯಾ ಅವರು, ಅದೇ ವರ್ಷದ ಸಪ್ಟಂಬರಿನಲ್ಲಿ ಮರಳಿ ಬಂದಾಗ ಬಂಧಿತರಾಗಿ ಇಲ್ಲಿ ಇರಿಸಲ್ಪಟ್ಟರು. ಗೋವೆಯ ರಾಷ್ಟ್ರೀಯ ಚಳವಳಿಯ ಹಿರಿಯರಾದ ತ್ರಿಸ್ತಾಂವ್ ಬ್ರಾಗಾಂಜ ಕುನ್ಹಾ ಅವರನ್ನೂ ಅದೇ ವರ್ಷ ಇಲ್ಲಿ ಕೂಡಿಹಾಕಿ, ಆಮೇಲೆ ಪೋರ್ತುಗಲ್ಲಿನ ಪೆನಿಶ್ ಕೋಟೆಗೆ ಸಾಗಿಸಿದರು. 1955ರ ಸತ್ಯಾಗ್ರಹದಲ್ಲಿ ಬೆಳಗಾವಿ, ಕಾರವಾರಗಳ ದಾರಿಯಿಂದ ಗಡಿಯನ್ನು ದಾಟಿದ ಸತ್ಯಾಗ್ರಹಿಗಳ ವಿಷಯವನ್ನು ನಮ್ಮ ಹಿರಿಯರ ಬಾಯಿಂದ ಕೇಳಿದ್ದೆವು. ಆ ವರ್ಷದ ಆಗಸ್ಟ್ 15ರಂದು ನಿರಾಯುಧರ ಮೇಲೆ ಗುಂಡು ಹಾರಿತು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವೆಯನ್ನು ಪ್ರವೇಶಿಸಿದಾಗ, ಅಗ್ವಾದದ ಕೈದಿಗಳನ್ನು ಬಿಡಿಸಲು ಬಂದ ಮೇಜರ್ ಶಿವದೇವ ಸಿಂಗ್ ಸಿಧು ಮತ್ತು ಕ್ಯಾಪ್ಟನ್ ವಿನೋದ ಸೆಹಗಲ್ ಎಂಬ ಅಧಿಕಾರಿಗಳು ಇಲ್ಲಿಯೇ ಗುಂಡೇಟಿಗೆ ಬಲಿಯಾದರು. 19ರಂದು ಗೋವೆ ಬಿಡುಗಡೆಯಾಯಿತು. ಆ ಬಳಿಕವೂ ಅದು ಸಾಮಾನ್ಯ ಕಾರಾಗೃಹವಾಗಿ 2015ರವರೆಗೆ ನಡೆದು, ಜೀರ್ಣೋದ್ಧಾರಗೊಂಡು, 2021ರ ಡಿಸೆಂಬರಿನಲ್ಲಿ ವಸ್ತುಸಂಗ್ರಹಾಲಯವಾಯಿತು. ಒಂದೇ ಬಂಡೆಯ ಮೇಲೆ ಎಲ್ಲರಿಗೂ ಬೇಕಾದ ನೀರು, ಎಲ್ಲರಿಗೂ ಕಾಣುವ ದೀಪ, ಕೆಲವರನ್ನು ಅಡಗಿಸುವ ಸೆರೆ ಮೂರೂ ಇದ್ದುವು. ಬಂಡೆಗೆ ಗುಣದೋಷವಿಲ್ಲ, ಅದನ್ನು ಹಿಡಿದವರ ಬುದ್ಧಿಯಂತೆ ಅದರ ಉಪಯೋಗ.

ನಾವು ಕೆಳಗಿಳಿದು ಬರುವಾಗ ದಾರಿಯ ಮಗ್ಗುಲಲ್ಲಿ ಕೆಲವರು ಮುರಕಲ್ಲಿನ ಗೋಡೆ ಕಟ್ಟುತ್ತಿದ್ದರು. ನಮ್ಮ ಮಾತು ಕೇಳಿ ಅವರಲ್ಲೊಬ್ಬರು ಕರಣೆಯನ್ನು ಕೆಳಗಿಟ್ಟು, “ಕನ್ನಡದವರೇನ್ರಿ? ಯಾವ ಊರಿಂದ ಬಂದೀರ್ರಿ?” ಎಂದು ಕೇಳಿದರು. ಬಾದಾಮಿ ಕಡೆಯವರು, ಗೋವೆಗೆ ಬಂದು ಹದಿನಾಲ್ಕು ವರ್ಷವಾಯಿತಂತೆ. “ಇಲ್ಲಿ ನೀವು ಕಟ್ಟಿದ್ದು ಬಹಳ ಇರಬೇಕಲ್ಲ?” ಎಂದೆವು. “ಭಾಳ ಕಟ್ಟೀವ್ರಿ ಮಾಸ್ತರ. ಕೆಲಸ ಮುಗದ ಮ್ಯಾಲ ಮತ್ತ ಆ ಕಡೆ ಹಣಕಿ ನೋಡಾಕ ಆಗಂಗಿಲ್ರಿ” ಎಂದು ನಕ್ಕರು. ಜೊತೆಗಿದ್ದ ಅವರ ಮಗನು ನಮ್ಮ ಹುಡುಗರೊಡನೆ ಚೆನ್ನಾಗಿ ಕನ್ನಡ ಮಾತಾಡಿದನು. ಆದರೆ ನಮ್ಮ ಬಸ್ಸಿಗೆ ಕಟ್ಟಿದ್ದ ಬಟ್ಟೆಯ ಮೇಲಿನ ಶಾಲೆಯ ಹೆಸರನ್ನು ಓದಲಾರದೆ ಹೋದನು. ತಂದೆ ತಲೆ ತಗ್ಗಿಸಿ, “ಅಂವಗ ನಮ್ಮ ಅಕ್ಷರ ಬರಂಗಿಲ್ರಿ” ಎಂದರು. ಗಡಿಯಾಚೆ ನೆಲೆಸಿದ ನಾವು ಆ ಮಾತನ್ನು ಕೇಳಿಯೂ ಕೇಳದವರಂತೆ ಬಸ್ಸು ಹತ್ತುವುದು ಸಾಧ್ಯವಾಗಲಿಲ್ಲ. ನಮ್ಮ ಹುಡುಗನೊಬ್ಬ ತನ್ನ ಚೀಲದಲ್ಲಿದ್ದ ನೋಟುಪುಸ್ತಕದ ಹಾಳೆಯಲ್ಲಿ ಅವನ ಹೆಸರನ್ನು ದೊಡ್ಡದಾಗಿ ಬರೆದು ಕೊಟ್ಟನು. ಅದು ನೀರು ಹೊತ್ತವರನ್ನು ಕೇಳಿದ ಹುಡುಗನೇ.

ಅವನ ಪ್ರಶ್ನೆಗೆ ಅಂದು ಸಂಜೆ ಪಣಜಿಯಲ್ಲಿ ಉತ್ತರ ಹೇಳಿದೆವು. ಅಗ್ವಾದ ಎದ್ದ ಕಾಲದಲ್ಲೇ, 1608ರಿಂದ 1610ರವರೆಗೆ, ಗೋವೆಯಲ್ಲಿದ್ದ ಪಿರಾರ್ ದ ಲಾವಾಲ್ ಎಂಬ ಫ್ರೆಂಚ್ ಪ್ರವಾಸಿಯು, ನಗರಕ್ಕೆ ಬಾಣಗಿಣಿಯ ಒರತೆಯಿಂದ ಗುಲಾಮರು ಕೊಡಗಳಲ್ಲಿ ನೀರು ಹೊತ್ತು ತಂದು ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ದುಡ್ಡು ಸೇರುತ್ತಿದ್ದುದು ಅವರ ಒಡೆಯರ ಕೈಗೆ. ಅಂದಿನ ಗೋವೆಯಲ್ಲಿ ನೀರು ನಡೆದುದು ಇಂಥವರ ತಲೆಯ ಮೇಲೆ. ವೈಸರಾಯನ ಹೆಸರು ಪುಸ್ತಕದಲ್ಲಿದೆ, ಇವರ ಹೆಸರಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇದನ್ನೂ ನೋಟ್ಸಿನಲ್ಲಿ ಬರೀಬೇಕಾ?” ಎಂದನು. ಬರೆಯಬೇಕೆಂದೆವು.

ಊರಿಗೆ ಮರಳಿದ ಮೇಲೆ ಗೋವೆಯ ಪಾಠದ ಎರಡು ವಾಕ್ಯಗಳ ನಡುವೆ ಒಂದು ಪುಟವನ್ನು ಸೇರಿಸಿದ್ದೇವೆ. ನಮ್ಮಲ್ಲಿಯೂ ಕಡಲಂಚಿನಲ್ಲಿ ಬೇಕಲದ ಕೋಟೆಯಿದೆ. ಅದನ್ನು ಕಟ್ಟಿಸಿದವನು ಇಕ್ಕೇರಿಯ ಶಿವಪ್ಪನಾಯಕನೆಂದು ಮಕ್ಕಳೆಲ್ಲ ಬಲ್ಲರು. ಈ ವರ್ಷ ಅಲ್ಲಿಗೆ ಹೋದಾಗ ಮೊದಲು ಬುರುಜನ್ನು ಹತ್ತಿಸದೆ, ಮೆಟ್ಟಿಲುಗಳುಳ್ಳ ಕೆರೆಯ ಬಳಿ ನಿಲ್ಲಿಸಬೇಕೆಂದು ನಿಶ್ಚಯಿಸಿದ್ದೇವೆ. ಗಡಿನಾಡಿನ ಅಧ್ಯಾಪಕ ಬಂಧುಗಳೂ ತಮ್ಮ ತಮ್ಮ ಊರಿನ ಕೋಟೆಯಲ್ಲಿ, ದೇಗುಲದಲ್ಲಿ, ಬಂದರದಲ್ಲಿ ಮಕ್ಕಳಿಂದ ಈ ಒಂದು ಪ್ರಶ್ನೆಯನ್ನು ಕೇಳಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ: ಇಲ್ಲಿ ನೀರು ಹೊತ್ತವರು ಯಾರು?