ಇರವನ್ನು ಅರಸಿದ ದೀಪ

ಮುಂಬಯಿಯಲ್ಲಿ ಸದಸ್ಯರೊಬ್ಬರ ಮನೆಯಲ್ಲಿ ನಮ್ಮ ಬಳಗದ ಓದುಕೂಟ ಸೇರಿದ್ದ ಸಂಜೆಯ ಮಾತು. ನೀಳ್ಗತೆಯೊಂದರ ವಾಚನ ಮುಗಿಯುವ ಹಂತಕ್ಕೆ ಬಂದಿತ್ತು. ಹದಿನೈದು ಮಂದಿ ಅಲುಗಾಡದೆ ಕೇಳುತ್ತಿದ್ದೆವು. ಇದ್ದಕ್ಕಿದ್ದಂತೆ ದೀಪ ಆರಿತು. ವಿದ್ಯುತ್ತು ಹೋಗಿರಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಮೂಲೆಯ ಕುರ್ಚಿಯಲ್ಲಿದ್ದ, ಎಂಬತ್ತು ದಾಟಿದ ಆ ಮನೆಯ ಅಜ್ಜಿ ಕೈಯೆತ್ತಿ ಗಾಳಿಯಲ್ಲಿ ಬೀಸಿದರು. ದೀಪ ಮತ್ತೆ ಹತ್ತಿತು. “ಸುಮ್ಮನೆ ಕೂತರೆ ಇದರ ಲೆಕ್ಕದಲ್ಲಿ ನಾನು ಇಲ್ಲ” ಎಂದರು. ನಾವೆಲ್ಲ ನಕ್ಕೆವು, ಅವರು ನಗಲಿಲ್ಲ.

ಚಾವಣಿಗೆ ಅಂಟಿಸಿದ್ದ ಪುಟ್ಟ ಬಿಳಿಯ ಗುಮ್ಮಟವೊಂದು, ಜನರಿರುವುದನ್ನು ಅರಿತು ದೀಪ ಹಚ್ಚುವ, ಇಲ್ಲವೆಂದು ತೋರಿದಾಗ ಆರಿಸುವ ಸೆನ್ಸರ್, ಈ ಪ್ರಸಂಗಕ್ಕೆ ಕಾರಣವಾಗಿತ್ತು. ಅಜ್ಜಿಯ ಮಾತು ಎಷ್ಟು ನಿಜವೆಂಬುದು ಅದರ ಚರಿತ್ರೆಯನ್ನು ನೋಡಿದಾಗ ನಮಗೆ ತಿಳಿಯಿತು.

ಆ ಚರಿತ್ರೆಯ ಒಂದು ಎಳೆ ನಮ್ಮ ನೆರೆಯ ಸಿಂಹಳದಿಂದ ಹೊರಡುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಡಚ್ಚರು ಅಲ್ಲಿಂದ ಟೂರ್ಮಲಿನ್ ಎಂಬ ಹರಳನ್ನು ಯೂರೋಪಿಗೆ ಒಯ್ದರು. ಕಾಯಿಸಿದಾಗ ಅದು ಬೂದಿಯನ್ನು ತನ್ನೆಡೆಗೆ ಎಳೆದುಕೊಳ್ಳುತ್ತಿದ್ದುದರಿಂದ ಅದಕ್ಕೆ ‘ಬೂದಿಸೆಳೆಯುವ ಕಲ್ಲು’ ಎಂಬರ್ಥದ ಹೆಸರಿಟ್ಟರು. ಈ ಸೆಳೆತ ವಿದ್ಯುತ್ತಿನದೆಂದು 1756ರಲ್ಲಿ ಏಪಿನಸ್ ತೋರಿಸಿದ. 1824ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಈ ಗುಣಕ್ಕೆ, ಬೆಂಕಿ ಎಂಬರ್ಥದ ಗ್ರೀಕ್ ಪದವನ್ನು ಸೇರಿಸಿ, ಪೈರೋಎಲೆಕ್ಟ್ರಿಸಿಟಿ ಎಂದು ಹೆಸರು ಕೊಟ್ಟ. ಇಲ್ಲೊಂದು ಸೂಕ್ಷ್ಮವಿದೆ. ಇಂತಹ ಹರಳು ಶಾಖಕ್ಕೆ ಸ್ಪಂದಿಸುವುದಿಲ್ಲ. ಶಾಖದ ಏರಿಳಿತಕ್ಕೆ ಮಾತ್ರ ಸ್ಪಂದಿಸುತ್ತದೆ. ಬಿಸಿ ಒಂದೇ ಸಮನೆ ಉಳಿದರೆ ಹರಳು ಮೌನ ವಹಿಸುತ್ತದೆ.

ಎರಡನೆಯ ಎಳೆ ಇಂಗ್ಲೆಂಡಿನದು. 1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷಲ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಬಣ್ಣಬಣ್ಣದ ಪಟ್ಟಿಯಲ್ಲಿ ಉಷ್ಣಮಾಪಕಗಳನ್ನಿಟ್ಟ. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿತು. ಇಂದು ನಾವು ಅವಕೆಂಪು ಎನ್ನುವ ಕಿರಣಗಳು ಅವೇ. ನಮ್ಮ ದೇಹವೂ ಸದಾ ಇಂತಹ ಕಿರಣಗಳನ್ನು ಸೂಸುತ್ತದೆ; ಸುಮಾರು 10 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಅವು ಅತ್ಯಂತ ಪ್ರಬಲ. ಕತ್ತಲಲ್ಲಿ ಕುಳಿತವರೂ ಒಂದರ್ಥದಲ್ಲಿ ಬೆಳಗುತ್ತಲೇ ಇರುತ್ತಾರೆ.

ಮೂರನೆಯ ಎಳೆ ಫ್ರಾನ್ಸಿನ ಕಡಲಿನದು. ಅಲ್ಲಿನ ಕೊರ್ದುವಾನ್ ದೀಪಸ್ತಂಭದಲ್ಲಿ 1823ರಲ್ಲಿ ಅಗಸ್ಟಿನ್ ಫ್ರೆನೆಲ್ ತನ್ನ ಹೊಸ ಮಸೂರವನ್ನು ಅಳವಡಿಸಿದ. ದಪ್ಪ ಗಾಜಿನ ಬದಲು ಬಳೆಬಳೆಯಾಗಿ ಜೋಡಿಸಿದ ಆ ಮಸೂರ ದೀಪದ ಬೆಳಕನ್ನು ದೂರದ ನಾವಿಕರಿಗೆ ತಲುಪಿಸುತ್ತಿತ್ತು. ನಮ್ಮ ಚಾವಣಿಯ ಬಿಳಿ ಗುಮ್ಮಟವೂ ಅದೇ ತತ್ತ್ವದ ತೆಳುವಾದ ಪ್ಲಾಸ್ಟಿಕ್ ಮಸೂರಗಳ ಗುಂಪು. ಇಲ್ಲಿ ಕೆಲಸ ಮಾತ್ರ ತಿರುವುಮುರುವು: ಕೋಣೆಯ ಮೂಲೆಮೂಲೆಯ ಶಾಖಕಿರಣಗಳನ್ನು ಒಳಗಿನ ಸಂವೇದಕದ ಮೇಲೆ ಕೂಡಿಸುವುದು.

ಈ ಮೂರೂ ಎಳೆಗಳು ಒಂದಾದ ಉಪಕರಣ 1970ರ ದಶಕದಲ್ಲಿ ಹರಡತೊಡಗಿದ್ದು ದೀಪಕ್ಕಾಗಿ ಅಲ್ಲ, ಕಳ್ಳನನ್ನು ಹಿಡಿಯುವ ಎಚ್ಚರಿಕೆ ಗಂಟೆಗಾಗಿ. ಅದರೊಳಗೆ ಎರಡು ಸಂವೇದಕ ತುಣುಕುಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಕೋಣೆ ಬಿಸಿಯೇರಿದರೆ ಎರಡೂ ಒಂದನ್ನೊಂದು ರದ್ದುಗೊಳಿಸುತ್ತವೆ. ಬೆಚ್ಚಗಿನ ದೇಹವೊಂದು ಅಡ್ಡ ಹಾಯ್ದರೆ ಮಾತ್ರ ವ್ಯತ್ಯಾಸ ಹುಟ್ಟಿ ಗಂಟೆ ಬಾರಿಸುತ್ತದೆ. ಕಳ್ಳನ ಮಟ್ಟಿಗೆ ಇದು ಸರಿಯಾದ ಉಪಾಯ. ಕಳ್ಳ ಬಂದವನು ಕುರ್ಚಿಯಲ್ಲಿ ಕುಳಿತು ಪುಸ್ತಕ ಓದುವುದಿಲ್ಲ.

1973ರ ತೈಲ ಬಿಕ್ಕಟ್ಟಿನ ನಂತರ ಶಕ್ತಿಯ ಉಳಿತಾಯ ಜಗತ್ತಿನ ಚಿಂತೆಯಾಯಿತು. ಖಾಲಿ ಕಚೇರಿಗಳಲ್ಲಿ ಉರಿಯುವ ದೀಪಗಳನ್ನು ಆರಿಸಲು ಇಂತಹ ಕಣ್ಣುಗಳೇ ಬಳಕೆಗೆ ಬಂದವು. ಕ್ರಮೇಣ ಮನೆಗಳನ್ನೂ ಹೊಕ್ಕವು. ಹೀಗೆ ಕಳ್ಳನನ್ನು ಗುರುತಿಸಲು ಕಲಿತ ಕಣ್ಣಿಗೆ ಮನೆಯವರನ್ನು ಗುರುತಿಸುವ ಹೊಣೆ ಬಿದ್ದಿತು. ಮನೆಯವರೋ ಓದುತ್ತಾರೆ, ಜಪಕ್ಕೆ ಕೂರುತ್ತಾರೆ, ಕಾಯಿಲೆಯಾದಾಗ ಅಲುಗದೆ ಮಲಗುತ್ತಾರೆ. ದೆಹಲಿ, ಹೈದರಾಬಾದುಗಳ ಬೇಸಿಗೆಯಲ್ಲಂತೂ ಗೋಡೆಯ ಬಿಸಿ ಮೈಬಿಸಿಯ ಸಮೀಪ ಬಂದಾಗ, ನಡೆದಾಡುವವರೂ ಈ ಕಣ್ಣಿಗೆ ಮಸುಕಾಗುತ್ತಾರೆ.

ದೀಪ ಆರಿಸುವ ಚಿಂತೆ ನಮಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಮುಂದೆ ಅದು ಮನೆಮನೆಗೆ ಬಂದಾಗ “ಯಾರೂ ಇಲ್ಲದ ಕೋಣೆಯಲ್ಲಿ ದೀಪ ಯಾಕೆ?” ಎಂಬ ಗದರಿಕೆಯೂ ಜೊತೆಗೇ ಬಂತು. ನಮ್ಮಲ್ಲಿ ಅದನ್ನು ಕೇಳದೆ ಬೆಳೆದವರಿಲ್ಲ. ಆದರೆ ಗದರುತ್ತಿದ್ದ ಹಿರಿಯರು ಒಮ್ಮೆ ಕೋಣೆಯೊಳಗೆ ಇಣುಕಿ ನೋಡುತ್ತಿದ್ದರು. ಯಾರಾದರೂ ಓದುತ್ತಿದ್ದರೆ ಸದ್ದಿಲ್ಲದೆ ಹಿಂದಿರುಗುತ್ತಿದ್ದರು.

ಆ ಇಣುಕುನೋಟಕ್ಕೆ ಸಮನಾದುದನ್ನು ಇತ್ತೀಚಿನ ರೇಡಾರ್ ಸೆನ್ಸರುಗಳು ಅರಸುತ್ತಿವೆ. ಚಲಿಸುವ ಮೂಲದಿಂದ ಬರುವ ಅಲೆಗಳ ಕಂಪನಸಂಖ್ಯೆ ಬದಲಾದಂತೆ ಕಾಣುತ್ತದೆಂದು 1842ರಲ್ಲಿ ಡಾಪ್ಲರ್ ಹೇಳಿದ ತತ್ತ್ವವೂ ಅವುಗಳ ಹಿಂದಿದೆ. ಉಸಿರಾಟದಿಂದ ಎದೆ ಏರಿಳಿಯುವ ಕೆಲವೇ ಮಿಲಿಮೀಟರುಗಳ ಚಲನೆಯನ್ನೂ ಅವು ಗುರುತಿಸಬಲ್ಲವು. ಆದರೂ ತಿರುಗುವ ಫ್ಯಾನು, ಅಲುಗುವ ಪರದೆಗಳನ್ನು ಮನುಷ್ಯರೆಂದು ಭ್ರಮಿಸುವುದುಂಟು. ಹಳೆಯ ಕಣ್ಣಿಗೆ ಇದ್ದವರು ಕಾಣಲಿಲ್ಲ. ಹೊಸ ಕಣ್ಣಿಗೆ ಕೆಲವೊಮ್ಮೆ ಇಲ್ಲದವರೂ ಕಾಣುತ್ತಾರೆ.

ಆದ್ದರಿಂದ ಈ ಉಪಕರಣವನ್ನು ತೊರೆಯಬೇಕೆಂದು ನಾವು ಹೇಳುವುದಿಲ್ಲ. ಮೆಟ್ಟಿಲು, ಓಣಿ, ಬಚ್ಚಲುಮನೆಗಳಲ್ಲಿ ಜನ ನಡೆದಾಡುತ್ತಾರೆ. ನಡುರಾತ್ರಿ ಎದ್ದ ಮುದುಕರು ಸ್ವಿಚ್ಚಿಗಾಗಿ ತಡಕಾಡದಂತೆ ಅದು ಅಲ್ಲಿ ಉಪಕಾರ ಮಾಡುತ್ತದೆ. ಮನುಷ್ಯರು ಸುಮ್ಮನಿರುವ ಜಾಗಗಳಲ್ಲಿ ಮಾತ್ರ ದೀಪದ ಕೊನೆಯ ಅಧಿಕಾರ ಅವರ ಕೈಯಲ್ಲೇ ಇರಬೇಕು.

ನಮ್ಮ ಸದಸ್ಯರೂ ಹಾಗೆಯೇ ಮಾಡಿದರು. ಓಣಿಯ ಸೆನ್ಸರನ್ನು ಉಳಿಸಿಕೊಂಡು, ನಡುಮನೆಗೆ ಹಳೆಯ ಸ್ವಿಚ್ಚನ್ನೇ ಮರಳಿ ಹಾಕಿಸಿದರು, ಅಜ್ಜಿಯ ಕೈಗೆಟಕುವ ಎತ್ತರದಲ್ಲಿ. ಮುಂದಿನ ಓದುಕೂಟದಲ್ಲಿ ಅವರು ಕೊನೆಯ ಪುಟದವರೆಗೂ ಅಲುಗಾಡದೆ ಕೇಳಿದರು.