ಕಿಡಿಯ ಗಳಿಗೆ: ದುರ್ಗದ ಸೀಮೆಯಲ್ಲಿ ಟೈಮಿಂಗ್ ಇಟ್ಟವರು

ಮೋಟಾರು ವಾಹನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅದನ್ನು ತಯಾರಿಸಿದವರ ಚರಿತ್ರೆಯಾಗಿ ಬರೆಯುತ್ತೇವೆ. ಯಾವ ಕಂಪನಿ, ಯಾವ ಮಾದರಿ, ಯಾವ ಇಸವಿ ಎಂಬಲ್ಲಿಗೆ ಅದು ಮುಗಿದುಹೋಗುತ್ತದೆ. ಎಂಜಿನ್ನಿನೊಳಗೆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂಬುದನ್ನು ಕಾರ್ಖಾನೆ ಒಂದೇ ಸಲಕ್ಕೆ ಗೊತ್ತುಮಾಡಿದೆ, ಮೆಕ್ಯಾನಿಕ್ ಆ ಗುರುತಿಗೆ ಕೂರಿಸಿದರೆ ಸಾಕು ಎಂಬ ನಂಬಿಕೆ ಇದರ ಹಿಂದಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳ ಕಡೆಯಿಂದ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಟೈಮಿಂಗ್, ಅಂದರೆ ಕಿಡಿಯ ಗಳಿಗೆ, ಆ ದಿನ ಸಿಕ್ಕ ಇಂಧನ, ಹೊತ್ತ ಭಾರ, ಏರಬೇಕಾದ ದಿಣ್ಣೆ ಇವನ್ನೆಲ್ಲ ನೋಡಿ ರಸ್ತೆಬದಿಯಲ್ಲೇ ತೀರ್ಮಾನವಾಗುತ್ತಿದ್ದ ಸಂಗತಿ. ಅದನ್ನು ತೀರ್ಮಾನಿಸಿದವರೂ ಮೋಟಾರು ತಂತ್ರಜ್ಞಾನದ ಚರಿತ್ರೆಗೆ ಸೇರಿದವರು ಎಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ 50ನೇ ಒಂದು ಭಾಗ ಸಾಕು. ಸಿಲಿಂಡರಿನೊಳಗಿನ ಬೆಂಕಿ ಹರಡಲು ಸೆಕೆಂಡಿನ 500ನೇ ಒಂದು ಭಾಗ ಬೇಕಾಯಿತು ಎನ್ನಿ, ಅಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದನ್ನು ಹೇಳುವುದು ಇಂಧನ ಉರಿಯುವ ವೇಗ. ಬೇಗ ಉರಿಯುವುದಕ್ಕೆ ಈ ಮುಂಗಡ (ಅಡ್ವಾನ್ಸ್) ಕಡಿಮೆ ಇದ್ದರೆ ಸಾಕು, ನಿಧಾನವಾಗಿ ಉರಿಯುವುದಕ್ಕೆ ಹೆಚ್ಚು ಬೇಕು. ಇಂಧನ ಬದಲಾದರೆ ಕೈಪಿಡಿಯ ಅಂಕಿ ಸುಳ್ಳಾಗುತ್ತದೆ.

ಇಂಧನವೇ ಬದಲಾದ ಕಾಲ ಮೈಸೂರು ಸಂಸ್ಥಾನಕ್ಕೆ ಎರಡನೇ ಮಹಾಯುದ್ಧದಲ್ಲಿ ಬಂತು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದ ಮೇಲೆ ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಇದ್ದಿಲಿನಿಂದ ಅನಿಲ ಮಾಡುವ ಗ್ಯಾಸ್ ಪ್ಲಾಂಟ್ ಕಟ್ಟಿಕೊಂಡು ಇದ್ದಿಲಿನ ಮೇಲೆ ಓಡತೊಡಗಿದವು. ದುರ್ಗದ ಸೀಮೆಗೆ ಬಸ್ಸು ಎಷ್ಟು ಅನಿವಾರ್ಯವಾಗಿತ್ತೆಂದು ತಿಳಿಯಲು ರೈಲಿನ ನಕ್ಷೆ ನೋಡಬೇಕು. ಬೆಂಗಳೂರು–ಪುಣೆ ಮುಖ್ಯ ಹಳಿ ಹೊಳಲ್ಕೆರೆಯನ್ನು ಮುಟ್ಟಿ ಚಿಕ್ಕಜಾಜೂರಿನ ಕಡೆಗೆ ಹೋಯಿತು. ಜಿಲ್ಲಾಕೇಂದ್ರವಾದ ಚಿತ್ರದುರ್ಗಕ್ಕೆ ಚಿಕ್ಕಜಾಜೂರಿನಿಂದ ಕವಲು ಹಳಿ ಬಂದದ್ದು 1921ರಲ್ಲಿ. ಹೊಸದುರ್ಗದ ಹೆಸರು ಹೊತ್ತ ನಿಲ್ದಾಣವಿದೆ, ಆದರೆ ಅದು ‘ಹೊಸದುರ್ಗ ರೋಡ್’, ಊರಿನಿಂದ ಬಹಳ ದೂರ. ಹಿರಿಯೂರಿನ ಪಕ್ಕದಲ್ಲೇ 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಮುಗಿದು ನೀರಾವರಿ ಬಂತು, ರೈಲು ಮಾತ್ರ ಬರಲಿಲ್ಲ. ಅಲ್ಲಿನ ಜನಕ್ಕೂ ಬೆಳೆಗೂ ರಸ್ತೆಯೊಂದೇ ಗತಿ. ಇಂಥ ಕಡೆ ಬಸ್ಸು ನಿಂತರೆ ಬದಲಿ ದಾರಿ ಇರಲಿಲ್ಲ, ಅದನ್ನು ಓಡಿಸುವ ಉಪಾಯ ಹುಡುಕಲೇಬೇಕಿತ್ತು.

ಇದ್ದಿಲ ಅನಿಲದಲ್ಲಿ ಉರಿಯುವ ಮುಖ್ಯ ಅಂಶ ಕಾರ್ಬನ್ ಮೊನಾಕ್ಸೈಡ್, ಜೊತೆಗೆ ಒಂದಿಷ್ಟು ಹೈಡ್ರೋಜನ್. ಉಳಿದ ಅರ್ಧಕ್ಕೂ ಹೆಚ್ಚು ಭಾಗ ಸುಮ್ಮನೆ ಜಾಗ ತುಂಬುವ, ಉರಿಯದ ನೈಟ್ರೋಜನ್ ಮೊದಲಾದವು. ಹೀಗಾಗಿ ಬೆಂಕಿ ನಿಧಾನವಾಗಿ ಹರಡುತ್ತದೆ, ಪೆಟ್ರೋಲಿನ ಮೇಲೆ ಎಂಜಿನ್ ಕೊಡುತ್ತಿದ್ದ ಶಕ್ತಿಯಲ್ಲಿ ಅರ್ಧದ ಹತ್ತಿರ ಕಳೆದುಹೋಗುತ್ತದೆ. ಉಳಿದ ಅರ್ಧವನ್ನಾದರೂ ಪಡೆಯಲು ಕಿಡಿಯನ್ನು ಬಹಳ ಮುಂಚಿತವಾಗಿ ಹಾರಿಸಬೇಕು. ಈ ಅನಿಲ ಪೆಟ್ರೋಲಿನಂತೆ ಸುಲಭವಾಗಿ ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಬಡಿಯುವ ಸದ್ದು) ಮಾಡದಿರುವುದರಿಂದ ಹಾಗೆ ಹಾರಿಸುವುದು ಸಾಧ್ಯವೂ ಆಗುತ್ತದೆ. ಆದರೆ ಎಷ್ಟು ಮುಂಚೆ? ಇದ್ದಿಲಿನ ತೇವ, ಅದರ ತುಂಡುಗಳ ಗಾತ್ರ, ಒಲೆಯ ಬಿಸಿ, ಫಿಲ್ಟರಿಗೆ ಕಟ್ಟಿದ ಬೂದಿ, ಇವುಗಳಲ್ಲಿ ಯಾವುದು ಬದಲಾದರೂ ಅನಿಲದ ಗುಣ ಬದಲಾಗುತ್ತದೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಆಮೇಲೆ ಅನಿಲಕ್ಕೆ ತಿರುಗಿಸುವ ಬಸ್ಸಿನಲ್ಲಂತೂ ಒಂದೇ ಎಂಜಿನ್ನು ಎರಡು ಟೈಮಿಂಗ್ ಕೇಳುತ್ತದೆ. ಪೆಟ್ರೋಲಿಗೆಂದೇ ಮಾಡಿದ ಎಂಜಿನ್ನಿನ ಪುಸ್ತಕದಲ್ಲಿ ಇದಕ್ಕೆಲ್ಲ ಉತ್ತರವಿರಲು ಸಾಧ್ಯವಿರಲಿಲ್ಲ. ಉತ್ತರ ಎಂಜಿನ್ನಿನ ಸದ್ದಿನಲ್ಲಿತ್ತು, ದಿಣ್ಣೆ ಏರುವಾಗ ಅದು ಎಷ್ಟು ಎಳೆಯುತ್ತದೆ ಎಂಬುದರಲ್ಲಿತ್ತು.

ಇದು ಜ್ಞಾನವಲ್ಲ, ಕೊರತೆಯ ಕಾಲದ ತೇಪೆ ಕೆಲಸ ಎಂದು ಕೆಲವರು ಹೇಳಬಹುದು. ಕೊರತೆ ಇತ್ತು ಎಂಬುದು ನಿಜ. ಆದರೆ ಕೊರತೆಯೇ ಇಲ್ಲದ ಕಡೆಯೂ ತಯಾರಕರು ಒಂದೇ ಅಂಕಿಗೆ ಕಟ್ಟುಬೀಳಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟಿಯರಿಂಗ್ ಚಕ್ರದ ಎಡಕ್ಕೆ ಕಿಡಿಯ ಗಳಿಗೆ ಬದಲಿಸುವ ಸನ್ನೆಗೋಲಿತ್ತು. ಹ್ಯಾಂಡಲ್ ಹಾಕಿ ತಿರುಗಿಸುವ ಮೊದಲು ಕಿಡಿಯನ್ನು ತಡಮಾಡದಿದ್ದರೆ ಹ್ಯಾಂಡಲ್ ಹಿಂದಕ್ಕೊದ್ದು ಕೈ ಮುರಿಯುವ ಅಪಾಯವಿತ್ತು. ಟೈಮಿಂಗನ್ನು ಫೋರ್ಡ್ ಚಾಲಕನ ಕೈಗೇ ಬಿಟ್ಟಿದ್ದ. ಇನ್ನೂ ಬಲವಾದ ಸಾಕ್ಷ್ಯ ರೋಟರಿ ಎಂಜಿನ್ನಿನದು. ಫೆಲಿಕ್ಸ್ ವಾಂಕೆಲ್ ರೂಪಿಸಿದ ಈ ಎಂಜಿನ್ 1957ರಲ್ಲಿ ಜರ್ಮನಿಯಲ್ಲಿ ಮೊದಲು ಓಡಿತು, 1967ರಲ್ಲಿ ಮಜ್ದಾ ಕಾಸ್ಮೊ ಕಾರಿಗೆ ಬಂತು. ಇದರಲ್ಲಿ ಪಿಸ್ಟನ್ ಬದಲು ಮುಮ್ಮೂಲೆಯ ರೋಟರ್ ತಿರುಗುತ್ತದೆ. ಉರಿಯುವ ಕೋಣೆ ಉದ್ದವಾಗಿ, ತೆಳ್ಳಗಿದ್ದು ರೋಟರಿನೊಂದಿಗೇ ಸರಿಯುವುದರಿಂದ ಒಂದು ಕಿಡಿಯ ಬೆಂಕಿ ಕೊನೆಯವರೆಗೆ ಮುಟ್ಟುವುದು ಕಷ್ಟ. ಅದಕ್ಕೇ ಮಜ್ದಾ ಒಂದೊಂದು ರೋಟರಿಗೆ ಎರಡು ಪ್ಲಗ್ ಇಟ್ಟಿತು, ಒಂದು ಲೀಡಿಂಗ್, ಇನ್ನೊಂದು ಟ್ರೇಲಿಂಗ್. ಪುಲ್ಲಿಯ ಮೇಲೆ ಗುರುತುಗಳೂ ಎರಡು. ಟೈಮಿಂಗ್ ಲೈಟ್ ಹಿಡಿದು ಮೊದಲು ಲೀಡಿಂಗನ್ನು ಕೂರಿಸಿ, ಆಮೇಲೆ ಟ್ರೇಲಿಂಗ್ ಎಷ್ಟು ಡಿಗ್ರಿ ಹಿಂದಿದೆ ಎಂದು ನೋಡಬೇಕು. ಇಂಧನ ಮಾತ್ರವಲ್ಲ, ಬೆಂಕಿ ಹೋಗಬೇಕಾದ ಜಾಗದ ಆಕಾರವೂ ಗಳಿಗೆಯನ್ನು ಬದಲಿಸುತ್ತದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಸ್ವಾತಂತ್ರ್ಯದ ನಂತರ ಕಸುಬು ಕವಲೊಡೆಯಿತು. 1948ರಲ್ಲಿ ಮೈಸೂರು ಸರ್ಕಾರ ಬಸ್ಸು ಓಡಿಸಲು ತನ್ನದೇ ಇಲಾಖೆ ಕಟ್ಟಿತು. 1954ರಿಂದ ಟಾಟಾ ಮರ್ಸಿಡಿಸ್ ಲಾರಿಗಳು ಬಂದು ಹೆದ್ದಾರಿ ಡೀಸೆಲ್ಲಿನದಾಯಿತು. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ, ಟೈಮಿಂಗ್ ಇಂಧನ ಚಿಮ್ಮಿಸುವ ಪಂಪಿನ ಕಡೆಗೆ ಹೋಯಿತು. ಕಿಡಿಯ ವಿದ್ಯೆ ಉಳಿದದ್ದು ಕಾರು, ಜೀಪು, ಬೈಕುಗಳಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಅದಕ್ಕೆ ಒಳ್ಳೆಯ ಪಾಠಶಾಲೆ. ಪ್ಲಗ್ ಬಿಚ್ಚಿ, ಪಿಸ್ಟನ್ ತುದಿ ಮುಟ್ಟಲು ಸುಮಾರು 3 ಮಿಲಿಮೀಟರ್ ಇರುವಾಗ ಕಿಡಿ ಹಾರಿಸುವ ಪಾಯಿಂಟ್ ತೆರೆಯುವಂತೆ ಕೂರಿಸಬೇಕು. ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಇಟ್ಟು, ಅದು ಸಡಿಲವಾಗಿ ಜಾರುವ ಗಳಿಗೆಯನ್ನು ಹಿಡಿಯುವುದು ಎಲ್ಲರೂ ಬಲ್ಲ ಉಪಾಯ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದ್ದರೆ ಎಂಜಿನ್ ನಾಕಿಂಗ್ ಶುರುಮಾಡುತ್ತಿತ್ತು, ಆಗ ಟೈಮಿಂಗ್ ಒಂದು ಕೂದಲು ಹಿಂದಕ್ಕೆ. ಇದ್ದಿಲಿನ ಕಾಲದಲ್ಲಿ ಮುಂದಕ್ಕೆ ತಳ್ಳಿದ್ದನ್ನು ಕಲಬೆರಕೆಯ ಕಾಲದಲ್ಲಿ ಹಿಂದಕ್ಕೆ ಎಳೆದರು, ಅಷ್ಟೇ ವ್ಯತ್ಯಾಸ.

ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದನ್ನೆಲ್ಲ ಇನ್ನೂ ಚೆನ್ನಾಗಿ ಮಾಡುತ್ತದೆ, ಹಳೆಯ ಕೈಗಳ ಚರಿತ್ರೆ ಯಾಕೆ ಎಂಬುದು ಗಟ್ಟಿಯಾದ ಆಕ್ಷೇಪ. ಪೆಟ್ಟಿಗೆಯ ಕೆಲಸ ಉತ್ತಮ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಗೆ ಕಡಿಮೆ, ಮೈಲೇಜ್ ಹೆಚ್ಚು, ಪಾಯಿಂಟ್ ಸವೆಯುವ ಕಾಟವಿಲ್ಲ. ಆದರೆ ಆ ಪೆಟ್ಟಿಗೆ ಮಾಡುವುದೇನು? ಎಂಜಿನ್ನಿಗೆ ಅಂಟಿಸಿದ ನಾಕ್ ಸೆನ್ಸರಿನಿಂದ ಸದ್ದನ್ನು ಆಲಿಸಿ, ಆ ಕ್ಷಣದ ಇಂಧನಕ್ಕೂ ಭಾರಕ್ಕೂ ತಕ್ಕಂತೆ ಕಿಡಿಯನ್ನು ಹಿಂದುಮುಂದು ಮಾಡುತ್ತದೆ. ಗುರುತಿಗೆ ಕೂರಿಸಿ ಮರೆತುಬಿಡುವುದು ಸರಿಯಾದ ಕ್ರಮವಾಗಿದ್ದರೆ ಸೆನ್ಸರಿನ ಅಗತ್ಯವೇ ಬರುತ್ತಿರಲಿಲ್ಲ. ತೀರ್ಮಾನ ಹೀಗೆ ಯಂತ್ರದೊಳಗೇ ಸೇರಿದ್ದಕ್ಕೆ ಇನ್ನೊಂದು ಉದಾಹರಣೆ ಕರ್ನಾಟಕದಲ್ಲಿ ವಿಮಾನಕ್ಕೆ ಬಂದ ರೋಟರಿ ಎಂಜಿನ್. ಬೆಂಗಳೂರಿನ ಎನ್‌ಎಎಲ್, ಎಡಿಇ ಹಾಗೂ ಅಹಮದ್‌ನಗರದ ವಿಆರ್‌ಡಿಇ ಎಂಬ ಸಂಶೋಧನಾ ಸಂಸ್ಥೆಗಳು ಸೇರಿ ಮಾಡಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ 2009ರ ಮಾರ್ಚಿನಲ್ಲಿ ಕೋಲಾರದ ಬಳಿ ‘ನಿಶಾಂತ್’ ಎಂಬ ಚಾಲಕರಹಿತ ವಿಮಾನವನ್ನು ಹಾರಿಸಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ 2017ರಲ್ಲಿ ಉದ್ಘಾಟನೆಯಾದ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಪರೀಕ್ಷಾ ವಲಯದಲ್ಲೂ ಚಾಲಕರಹಿತ ವಿಮಾನಗಳು ಹಾರುತ್ತವೆ. ಇಂಥ ಯಂತ್ರ ಆಕಾಶಕ್ಕೇರಿದ ಮೇಲೆ ಅದರ ಸದ್ದು ಕೇಳಿ ಸರಿಪಡಿಸುವವರು ಜೊತೆಗಿರುವುದಿಲ್ಲ. ಹಿರಿಯೂರಿನ ದಿಣ್ಣೆಯಲ್ಲಿ ಇದ್ದಿಲು ಬಸ್ಸಿನ ಮೆಕ್ಯಾನಿಕ್ ಮಾಡಬೇಕಿದ್ದ ತೀರ್ಮಾನವನ್ನು ಎಂಜಿನಿಯರುಗಳು ಮೊದಲೇ ಊಹಿಸಿ ಯಂತ್ರದೊಳಗೆ ತುಂಬಿ ಕಳಿಸಬೇಕು.